ನೊಗದ ಎಡಗಡೆ

ಎಂಟು ಕಾಲಿನ ಸದ್ದಿನಲ್ಲಿ ಒಂದು ಕಾಲಿನದು ತಡವಾಗಿ ಬೀಳುತ್ತಿತ್ತು.

ಕೆಂಪರಾಜ್ ಮೊದಲು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿಯ ಎರಡೂ ಪಕ್ಕದಲ್ಲಿ ಊರ ಹುಡುಗರ ಬೈಕುಗಳು ಹಾರ್ನ್ ಹೊಡೆದುಕೊಂಡು ಬರುತ್ತಿದ್ದವು. ಆ ಗಲಾಟೆಯಲ್ಲಿ ಎತ್ತಿನ ಗೊರಸಿರಲಿ, ಕಟ್ಟಿಕೊಂಡ ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳಿಸುವಂತಿರಲಿಲ್ಲ. ಆದರೂ ಕೇಳಿಸಿತು. ಟಕ್, ಟಕ್, ಟಕ್, ಆಮೇಲೆ ಒಂದು ಚೂರು ಬಿಟ್ಟು ಇನ್ನೊಂದು ಟಕ್. ಎಡಗಡೆ ಕಟ್ಟಿದ್ದ ಬೋರನ ಎಡ ಮುಂಗಾಲು.

"ಮೊಬೈಲ್ ಇಳಿಸ್ರಲಾ! ಎತ್ತಿನ ಕಣ್ಣಿಗೇ ಹಿಡೀತೀರಲ್ಲ, ನಿಮ್ ಕಣ್ಣಿಗಷ್ಟು ಮಣ್ಣಾಕ!" ಎಂದು ಬೈಕಿನವರ ಮೇಲೆ ಹರಿಹಾಯ್ದ. ಅವರು ನಕ್ಕರು. ಬೈಗುಳ ಸಮೇತ ವಿಡಿಯೋ ಬಂತು ಎಂದು ಅವರಿಗೆ ಖುಷಿಯೇ ಆಯಿತು. ಉಗಿದರೂ ನಗುವ ಜನಕ್ಕೆ ಇನ್ನೇನು ತಾನೇ ಮಾಡಲಾಗುತ್ತದೆ?

ಹಿಂದೆ ಕೂತಿದ್ದ ಗೋವಿಂದರಾಜು ಅವನ ಹೆಂಡತಿಯ ತಮ್ಮ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ಮಾಲೀಕನಿಗೆ ಜ್ವರ ಎಂದು ಸುಳ್ಳು ಹೇಳಿ ಬಂದಿದ್ದ. ಹಿಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂದು ನೋಡಿ ಹೇಳುವುದು ಅವನ ಕೆಲಸ.

"ಬಾವ, ಜಡಿಗೇನಹಳ್ಳಿ ದೇವರಾಜನ ಗಾಡಿ ಇನ್ನೂ ನೀಲಗಿರಿ ತೋಪಿನ ಹತ್ರ ಐತೆ. ಮಿಕ್ಕಿದ್ದೋರು ಕಾಣ್ತಾನೇ ಇಲ್ಲ. ಹಿಂಗೇ ಹೊಡ್ಕೊಂಡು ಹೋಗು, ಢಾಲು ನಮ್ದೇ!"

ಢಾಲು! ಆ ಹಾಳು ಹಿತ್ತಾಳೆ ಢಾಲಿಗಾಗಿಯೇ ಇಷ್ಟೆಲ್ಲ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ದೊಡ್ಡಬಳ್ಳಾಪುರದ ಹೊರಗಿನಿಂದ ತೂಬಗೆರೆಯವರೆಗೆ ಎತ್ತಿನ ಗಾಡಿ ಓಟ. ಮೈದಾನದಲ್ಲಿ ಒಂದು ಉಸಿರಿಗೆ ಮುಗಿಯುವ ಓಟವಲ್ಲ, ಹದಿನಾಲ್ಕು ಕಿಲೋಮೀಟರ್ ಡಾಂಬರು ರಸ್ತೆ. ಮೂರು ವರ್ಷ ಒಂದೇ ಊರು ಗೆದ್ದರೆ ಢಾಲು ಆ ಊರಿಗೇ ಕಾಯಂ. ಕೋಡಿಪಾಳ್ಯದವರು ಎರಡು ವರ್ಷ ಗೆದ್ದಿದ್ದರು, ಎರಡು ಸಲವೂ ಕೆಂಪರಾಜನ ಬೋರ ಮತ್ತು ಸರದಾರ. ಹಾಲಿನ ಡೈರಿಯ ಅಧ್ಯಕ್ಷ ಅಪ್ಪಯ್ಯಣ್ಣ ಢಾಲಿಗೆಂದು ಆಗಲೇ ಗಾಜಿನ ಬೀರು ಮಾಡಿಸಿಟ್ಟಿದ್ದ. ಓಡುವ ಗಾಡಿ ಅವನದು. ಊರ ಬಾಗಿಲಲ್ಲಿ ಫ್ಲೆಕ್ಸೂ ಕಟ್ಟಿಸಿದ್ದ. ಅದರಲ್ಲಿ ಅಪ್ಪಯ್ಯಣ್ಣನ ಮುಖ ಮೊರದಷ್ಟು ದೊಡ್ಡದು, ಎತ್ತುಗಳು ಬೆಕ್ಕಿನಷ್ಟು, ಕೆಂಪರಾಜ್ ಇಲ್ಲವೇ ಇಲ್ಲ.

ದ್ರಾಕ್ಷಿ ಚಪ್ಪರಗಳು ಹಿಂದಕ್ಕೆ ಸರಿದವು. ಬಣ್ಣ ಬಳಿದ ಕಲ್ಲು ನೆಟ್ಟ ಹೊಸ ಲೇಔಟು ಬಂತು, ಹೋಯಿತು. ಕೆಂಪರಾಜ್ ಹಗ್ಗವನ್ನು ಸ್ವಲ್ಪ ಬಿಗಿ ಹಿಡಿದು ನೋಡಿದ. ಬೋರ ವೇಗ ತಗ್ಗಿಸಲಿಲ್ಲ. ಅದೇ ಅವನ ಹೊಟ್ಟೆ ಉರಿಸಿದ್ದು. ಸರದಾರನಾಗಿದ್ದರೆ ಕಾಲು ಚುರುಕ್ ಎಂದ ತಕ್ಷಣ ರಸ್ತೆಯಲ್ಲೇ ಮಲಗಿಬಿಡುತ್ತಿದ್ದ, ಕಳ್ಳ. ಈ ಬೋರ ಹಾಗಲ್ಲ. ತಾಯಿ ಸತ್ತ ಕರುವಾಗಿದ್ದಾಗ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಸಾಕಿದ್ದು, ಅವನಿಗೆ ಕೆಂಪರಾಜನ ದನಿಯೊಂದೇ ಗೊತ್ತು. ನಡಿ ಅಂದರೆ ನಡೆಯಿತು. ಮೂಗಿನ ಹೊಳ್ಳೆ ಅರಳಿ ನೊರೆ ಬರುತ್ತಿದ್ದರೂ ಕತ್ತು ಮುಂದಕ್ಕೆ ಚಾಚಿ ಎಳೆಯುತ್ತಲೇ ಇತ್ತು.

ಏನಾಗಿದೆ ಎಂದು ಕೆಂಪರಾಜನಿಗೆ ಗೊತ್ತಿತ್ತು. ಗೊತ್ತಿದ್ದೇ ಸಿಟ್ಟು ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಮನೆ ಮುಂದಿನ ಹುಣಸೆ ಮರದ ಕೆಳಗೆ ಬೈರಣ್ಣ ಎತ್ತುಗಳಿಗೆ ಲಾಳ ಕಟ್ಟಲು ಬಂದಿದ್ದ. ನಲವತ್ತೈದು ವರ್ಷದಿಂದ ಆ ಸುತ್ತಿನ ಎತ್ತುಗಳಿಗೆಲ್ಲ ಅವನದೇ ಲಾಳ. ಬಂದವನೇ ಗೊಣಗಿದ್ದ. "ಹಳೇ ಲಾಳ ಇನ್ನೊಂದು ತಿಂಗಳು ಬತ್ತಿತ್ತು. ಹೊಸದು ಕಟ್ಟಿದ್ ಮೇಲೆ ಎಂಟು ದಿನ ಕೆರೆಯಂಗಳದ ಮಣ್ಣು ತುಳಿಸ್ಬೇಕು. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ನೀನು ನಾಡಿದ್ದೇ ಟಾರ್ ರೋಡಿಗೆ ಬಿಡ್ತೀನಿ ಅಂತೀಯ." ಆದರೆ ಅಪ್ಪಯ್ಯಣ್ಣ ದಪ್ಪ ತಗಡಿನ ಹೊಸ ಲಾಳ ಕಳಿಸಿದ್ದ, ಹೊಸ ರಸ್ತೆಗೆ ಹೊಸ ಲಾಳ ಎಂದು. ಎರಡು ವರ್ಷ ಗೆದ್ದ ಕೆಂಪರಾಜನಿಗೂ ಆಗ ಯಾರ ಮಾತೂ ನಾಟುತ್ತಿರಲಿಲ್ಲ.

ಇಬ್ಬರೂ ಸೇರಿ ಬೋರನನ್ನು ಹಗ್ಗ ಹಾಕಿ ಕೆಡವಿದ್ದರು. ಎಡ ಮುಂಗಾಲಿನ ಕೊನೆಯ ಮೊಳೆ ಅರ್ಧ ಇಳಿದಾಗ ಎತ್ತಿನ ಇಡೀ ಮೈ ನಡುಗಿತು. ಬೈರಣ್ಣ ಸುತ್ತಿಗೆ ನಿಲ್ಲಿಸಿದ.

"ಮೊಳೆ ಓರೆಯಾಗಿ ಗೊರಸಿನೊಳಗಿನ ಜೀವಕ್ಕೆ ಹತ್ತೈತೆ ಕಣಪ್ಪ. ಈಗ್ಲೇ ಕಿತ್ತಾಕಿದ್ರೆ ಎಂಟತ್ ದಿನಕ್ಕೆ ವಾಸಿ ಆಯ್ತದೆ. ಈ ಸಲದ ಓಟ ಬಿಟ್ಬಿಡು."

"ನಿನ್ ಕೈ ನಡುಗುತ್ತೆ, ಎತ್ತು ಬೆದರುತ್ತೆ. ಅದಕ್ಕೆ ಓಟ ಬಿಡ್ಬೇಕಾ ನಾನು? ವಯಸ್ಸಾಯ್ತು ಅಂತ ಒಪ್ಕೊಂಡು ಮನೇಲಿ ಕೂತ್ಕೊಳಕ್ಕೇನು ನಿಂಗೆ?"

"ನಾನು ಹೊಡೆಯಲ್ಲ."

"ಕೊಡು ಇಲ್ಲಿ," ಎಂದು ಕೆಂಪರಾಜ್ ಸುತ್ತಿಗೆ ಕಿತ್ತುಕೊಂಡು ತಾನೇ ಎರಡು ಏಟು ಹಾಕಿದ. ಮೊಳೆ ತಲೆಯವರೆಗೂ ಇಳಿಯಿತು. ಬೋರ ಒಂದೇ ಒಂದು ಸಲ ಅಂಬಾ ಅಂದಿತು. ಆಮೇಲೆ ಎದ್ದು ನಾಲ್ಕು ಕಾಲಿನ ಮೇಲೂ ನೆಟ್ಟಗೆ ನಿಂತಿತು. "ನೋಡು, ಏನಾಗೈತೆ?" ಎಂದು ಕೆಂಪರಾಜ್ ಎದೆಯುಬ್ಬಿಸಿದ. ಬೈರಣ್ಣ ತಿರುಗಿ ನೋಡಲಿಲ್ಲ. ಚೀಲ ಕಟ್ಟಿಕೊಂಡು ಮೊಪೆಡ್ಡಿನ ಮೇಲಿಟ್ಟ. ಹೆಂಡತಿ ಶಶಿರೇಖಾ ಒಳಗಿನಿಂದ ತಂದ ಕಾಫಿ ಲೋಟ ಅವಳ ಕೈಯಲ್ಲೇ ಉಳಿಯಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಮಾರನೆಯ ದಿನ ಬೋರ ಹುಲ್ಲು ಮೂಸಿ ಬಿಟ್ಟಾಗ ಬಿಸಿಲಿಗೆ ಹಾಗಾಗಿದೆ ಎಂದು ಕೆಂಪರಾಜ್ ಹೆಂಡತಿಗೂ ಹೇಳಿದ, ತನಗೂ ಹೇಳಿಕೊಂಡ.

ಈಗ ಎಂಟನೇ ಕಿಲೋಮೀಟರಿನ ಕಲ್ಲು ದಾಟಿತ್ತು. ಟಕ್ ಎಂಬುದು ಬರಬರುತ್ತ ಸದ್ದೇ ಕಳೆದುಕೊಂಡು ಕಾಲು ಎಳೆದಂತೆ ಕೇಳುತ್ತಿತ್ತು. ಕೆಂಪರಾಜ್ ಬಗ್ಗಿ ನೋಡಿದ. ಬೋರ ಕಾಲು ಊರುವಾಗಲೆಲ್ಲ ತಲೆಯನ್ನು ಮೇಲೆ ಎಸೆಯುತ್ತಿತ್ತು.

"ಹೋ... ಹೋ..." ಎಂದು ಎರಡೂ ಹಗ್ಗ ಎಳೆದ.

"ಏನ್ ಬಾವ, ಏನ್ಮಾಡ್ತಿದೀಯ? ನಾವೇ ಮುಂದೆ ಇರೋದು!"

"ಕುಂಟ್ತಾ ಐತೆ, ಕಣ್ ಕಾಣಲ್ವ ನಿಂಗೆ?"

"ಇನ್ ಆರೇ ಕಿಲೋಮೀಟ್ರು ಕಣ್ ಬಾವ! ಕುಂಟ್ಕೊಂಡೇ ಹೋದ್ರೂ ಗೆಲ್ತೀವಿ. ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಬೇಡ್ವಾ? ನಾಳೆ ಡಾಕ್ಟ್ರಿಗೆ ತೋರ್ಸಿದ್ರಾಯ್ತು."

"ನಿನ್ ಅಂಗಾಲಿಗೆ ಮೊಳೆ ಹೊಡೀತೀನಿ, ಆರ್ ಕಿಲೋಮೀಟ್ರು ಓಡ್ತೀಯೇನೋ? ಓಡ್ತೀಯಾ? ಇಳಿ ಕೆಳಕ್ಕೆ!"

ಗೋವಿಂದರಾಜು ಬೆಚ್ಚಿ ಧುಮುಕಿದ. ಬಾವ ಮುಂಗೋಪಿ ಎಂದು ಗೊತ್ತಿತ್ತು, ಆದರೆ ಮುಖ ಹೀಗೆ ಕಪ್ಪಿಟ್ಟಿದ್ದು ಅವನು ಕಂಡಿರಲಿಲ್ಲ. ಮೊಳೆಯ ಮಾತು ಎಲ್ಲಿಂದ ಬಂತು ಎಂದು ಕೇಳಲೂ ಅವನಿಗೆ ತೋಚಲಿಲ್ಲ.

ಗಾಡಿ ರಸ್ತೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿತು. ಕೆಂಪರಾಜ್ ಬೋರನ ಕೊರಳ ಹಗ್ಗ ಬಿಚ್ಚಿ ನೊಗ ಇಳಿಸಿದ. ಈ ಓಟದಲ್ಲಿ ಒಂದು ಕಟ್ಟಳೆಯಿತ್ತು. ಹೊರಡುವಾಗ ಎಲ್ಲ ಗಾಡಿಗಳ ನೊಗಕ್ಕೂ ಕೆಂಪು ಬಟ್ಟೆ ಕಟ್ಟುತ್ತಾರೆ. ನಡುದಾರಿಯಲ್ಲಿ ಎತ್ತು ಬಿಚ್ಚಿದವನು ತನ್ನ ಕೈಯಾರೆ ಆ ಬಟ್ಟೆ ಬಿಚ್ಚಿ, ರಸ್ತೆಯಲ್ಲಿ ನಿಂತು, ಹಿಂದೆ ಬಂದ ಗಾಡಿಗೆ ಒಪ್ಪಿಸಬೇಕು. ಬಟ್ಟೆ ಕೊಟ್ಟವನು ಎಂದರೆ ಈ ಕಡೆ ದೊಡ್ಡ ಬೈಗುಳ. ಜಗಳದಲ್ಲಿ, ಸಂಬಂಧ ಮಾತಾಡುವಾಗ, ಎಲ್ಲಿ ಬೇಕಾದರೂ ಅದನ್ನು ಎತ್ತಿ ಆಡುತ್ತಾರೆ. ಕೆಂಪರಾಜನೇ ಎಷ್ಟೋ ಜನರನ್ನು ಹಾಗೆ ಆಡಿಕೊಂಡಿದ್ದ.

ಬಟ್ಟೆಯ ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಬೈಕಿನ ಹುಡುಗರ ಹಾರ್ನ್ ನಿಂತುಹೋಯಿತು. "ಅಣ್ಣ, ಬೇಡ ಕಣಣ್ಣ!" ಎಂದು ಒಬ್ಬ ಕೂಗಿದ. ದೇವರಾಜನ ಗಾಡಿ ಹತ್ತಿರ ಬಂತು. ಕೆಂಪರಾಜ್ ನಡುರಸ್ತೆಗೆ ಹೋಗಿ ಬಟ್ಟೆ ಚಾಚಿ ನಿಂತ. ದೇವರಾಜ್ ಹಲ್ಲು ಕಿರಿದರೆ ಗಾಡಿಯಿಂದ ಎಳೆದು ಕೆಡವುವುದೆಂದು ತೀರ್ಮಾನಿಸಿಕೊಂಡಿದ್ದ.

ದೇವರಾಜ್ ಎತ್ತುಗಳನ್ನು ನಿಧಾನ ಮಾಡಿ, ಬಗ್ಗಿ ಬಟ್ಟೆ ತೆಗೆದುಕೊಂಡ. ಅವನ ಕಣ್ಣು ಮರದ ಕೆಳಗೆ ನಿಂತಿದ್ದ ಬೋರನ ಮೇಲಿತ್ತು.

"ಯಾವ ಕಾಲು?" ಎಂದ.

"ಎಡ ಮುಂಗಾಲು."

"ಥತ್," ಎಂದು ಹೇಳಿ ಗಾಡಿ ಹೊಡೆದುಕೊಂಡು ಹೋದ. ಅಷ್ಟೇ. ಕಾಲು ಯಾವುದೆಂದು ಆ ದಿನ ತಾನಾಗಿ ಕೇಳಿದವನು ಅವನೊಬ್ಬನೇ. ಕೆಂಪರಾಜನಿಗೆ ಅದಕ್ಕೂ ಸಿಟ್ಟು ಬಂತು.

ಮರದ ಕೆಳಗೆ ಕೂತು ಬೋರನ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡ. ಗೊರಸು ಕೆಂಡದಂತೆ ಸುಡುತ್ತಿತ್ತು. ಆ ಮೊಳೆಯ ತಲೆಯ ಸುತ್ತ ರಕ್ತ ಕಲೆತ ನೀರು ಜಿನುಗಿತ್ತು. ಉಗುರು ಹಾಕಿ ಮೀಟಿದ, ಅಲ್ಲಾಡಲಿಲ್ಲ. ತಾನೇ ಹೊಡೆದ ಮೊಳೆ, ಅಲ್ಲಾಡುವುದಾದರೂ ಹೇಗೆ? ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲಿ ಹಿಡಿದು ಕೂತ. ಆಮೇಲೆ ಒತ್ತಿದ.

"ಬೈರಣ್ಣ, ನಾನು ಕೆಂಪರಾಜ."

ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳಿತು.

"ಕೊನೇ ಮೊಳೇನಾ?" ಎಂದ ಬೈರಣ್ಣ.

"ಹೂಂ."

"ಎಲ್ಲಿದ್ದೀಯ?"

"ಎಂಟನೇ ಕಲ್ಲು ದಾಟಿ. ಹೊಂಗೆ ಮರದತ್ರ."

ಫೋನ್ ಕಟ್ಟಾಯಿತು.

ಅಷ್ಟರಲ್ಲಿ ಅಪ್ಪಯ್ಯಣ್ಣನ ಜೀಪು ಬಂತು. ಅದರ ಹಿಂದೆ ಎತ್ತುಗಳನ್ನು ಮೆರವಣಿಗೆಯಲ್ಲಿ ಊರಿಗೆ ತರಲೆಂದು ಮಾವಿನ ಸೊಪ್ಪು ಕಟ್ಟಿದ ಟೆಂಪೋ. ಬಿಳಿ ಷರಟು, ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ; ಗೆದ್ದಾಗ ಫೋಟೋಗೆ ನಿಲ್ಲಲು ಬೆಳಿಗ್ಗೆಯೇ ತಯಾರಾಗಿದ್ದ. ಇಳಿಯುವಾಗಲೇ ಬೈಗುಳ ಶುರುವಾಗಿತ್ತು.

"ಬಟ್ಟೆ ಕೊಟ್ಯಂತಲ್ಲೋ! ಕೋಡಿಪಾಳ್ಯದ ಮಾನ ಬಟ್ಟೇಲಿ ಸುತ್ತಿ ಜಡಿಗೇನಹಳ್ಳಿಯೋರ ಕೈಗೆ ಕೊಟ್ಯಂತಲ್ಲೋ, ಬೇವರ್ಸಿ!"

"ಎತ್ತಿನ ಕಾಲಿಗೆ ಮೊಳೆ ಹತ್ತೈತೆ ಅಣ್ಣ. ಹಿಂಗೇ ಓಡಿಸಿದ್ರೆ ಕಾಲೇ ಹೋಗ್ತಿತ್ತು."

ಮೊಳೆ ಎಂದ ಕೂಡಲೇ ಅಪ್ಪಯ್ಯಣ್ಣ ನಿಂತ. ಬಗ್ಗಿ ಗೊರಸು ನೋಡಿದ. ಎದ್ದು ಸುತ್ತ ನೆರೆದವರನ್ನೆಲ್ಲ ನೋಡಿದ. "ಬೈರನ ಕೆಲ್ಸ! ನಲವತ್ತೈದು ವರ್ಷದಿಂದ ತಪ್ಪದ ಕೈ ಈ ಸಲಾನೇ ತಪ್ತೇನ್ರೋ? ಅವನ ಮಗಳನ್ನ ಕೊಟ್ಟಿರೋದು ಎಲ್ಲಿಗೆ? ಜಡಿಗೇನಹಳ್ಳಿ ಪಕ್ಕಕ್ಕೇ ತಾನೆ?"

ಅಷ್ಟು ಸಾಕಾಯಿತು. ಸೋಲಿಗೆ ಒಬ್ಬ ಮನುಷ್ಯ ಸಿಕ್ಕಿದ್ದ. ಬೈಕಿನ ಹುಡುಗರು ಕುದಿಯತೊಡಗಿದರು. ಮುದುಕ ಮಾರಿಕೊಂಡಿದ್ದಾನೆ ಎಂದ ಒಬ್ಬ. ಬೇಕಂತಲೇ ಹೊಡೆದಿದ್ದಾನೆ ಎಂದ ಇನ್ನೊಬ್ಬ. ಇನ್ನು ಮೇಲೆ ಊರ ಒಂದು ಎತ್ತನ್ನೂ ಅವನ ಕೈಗೆ ಕೊಡಬಾರದು ಎಂದು ಅಲ್ಲೇ ಪಂಚಾಯಿತಿ ಮುಗಿಯಿತು.

ಕೆಂಪರಾಜ್ ಬೋರನ ಕಾಲು ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಸುಮ್ಮನಿದ್ದರೆ ಸಾಕಿತ್ತು. ನೋಡಿದ ಹೊರಗಿನವರು ಯಾರೂ ಇಲ್ಲ. ಬಟ್ಟೆ ಕೊಟ್ಟ ಅವಮಾನವೂ ಅರ್ಧ ಕಳೆಯುತ್ತಿತ್ತು. ಪಾಪ, ಅವನೇನು ಮಾಡ್ತಾನೆ, ಲಾಳದವನು ಕೆಡಿಸಿದ ಎನ್ನುತ್ತಿದ್ದರು. ಒಂದು ಗಳಿಗೆ ಅವನಿಗೂ ಹೌದೇನೋ ಅನಿಸಿತು. ಮೊಳೆ ಮೊದಲು ಓರೆ ಇಳಿಸಿದ್ದು ಬೈರಣ್ಣನ ಕೈಯೇ ತಾನೆ? ಹೀಗೆ ಅಂದುಕೊಂಡ ತಕ್ಷಣ ಹೊಟ್ಟೆಯೊಳಗಿನ ಉರಿ ಸ್ವಲ್ಪ ತಣ್ಣಗಾಯಿತು. ಹಾಗೆ ತಣ್ಣಗಾಗಿದ್ದಕ್ಕೇ ತನ್ನ ಮೇಲೆ ತನಗೆ ಅಸಹ್ಯ ಹುಟ್ಟಿತು.

ಮೊಪೆಡ್ ಬಂದದ್ದು ಅರ್ಧ ಗಂಟೆಯ ಮೇಲೆ. ಬೈರಣ್ಣ ಅದನ್ನು ಮರಕ್ಕೆ ಒರಗಿಸುವ ಮೊದಲೇ ಇಬ್ಬರು ಹ್ಯಾಂಡಲ್ ಹಿಡಿದರು. "ಎಷ್ಟ್ ಕೊಟ್ರು ಗುರು ನಿಂಗೆ?" ಎಂದು ಒಬ್ಬ ಅವನ ಹೆಗಲಿಗೆ ಕೈ ಹಾಕಿ ತಳ್ಳಿದ. ಚೀಲ ಜಾರಿ ಬಿತ್ತು. ಇಕ್ಕಳ, ಉಳಿ, ಸುತ್ತಿಗೆ, ಬೇವಿನೆಣ್ಣೆಯ ಶೀಶೆ ಮಣ್ಣಿನಲ್ಲಿ ಚೆಲ್ಲಿದವು. ಬೈರಣ್ಣ ಜನರ ಸಂದಿಯಿಂದ ಕೆಂಪರಾಜನನ್ನು ಒಂದು ಸಲ ನೋಡಿದ, ಆಮೇಲೆ ಬಗ್ಗಿ ಸಾಮಾನು ಆರಿಸತೊಡಗಿದ. ಇಕ್ಕಳದ ಮೇಲೆ ಒಬ್ಬ ಹುಡುಗ ಬೂಟುಗಾಲಿಟ್ಟ.

"ತೆಗಿಯೋ ಕಾಲು!"

ಆ ಕೂಗಿಗೆ ಸರದಾರ ಕೂಡ ಬೆಚ್ಚಿ ಹಿಂದೆ ಸರಿಯಿತು. ಕೆಂಪರಾಜ್ ಎದ್ದು ಬಂದು ಹುಡುಗನ ಎದೆಗೆ ಕೈಯಿಟ್ಟು ನೂಕಿದ.

"ಆ ಮೊಳೆ ಹೊಡೆದೋನು ನಾನು. ನಾನು ಕಣ್ರೋ! ಅವನು ಬ್ಯಾಡ ಅಂದ. ಕಿತ್ತಾಕ್ತೀನಿ, ಓಟ ಬಿಡು ಅಂದ. ನಿನ್ ಕೈ ನಡುಗುತ್ತೆ ಅಂತ ಬೈದು, ಸುತ್ತಿಗೆ ಕಿತ್ಕೊಂಡು ನಾನೇ ಎರಡೇಟು ಹಾಕ್ದೆ. ಈ ಕೈಯಾಗೆ. ಹೊಡೀಬೇಕಾ? ಬನ್ರಲಾ, ನಂಗೆ ಹೊಡೀರಿ. ಏನ್ ನೋಡ್ತೀರ? ತಗೀರಿ ಮೊಬೈಲು, ಇದನ್ನ ಹಿಡ್ಕೊಳ್ರಿ!"

ಯಾರೂ ಮೊಬೈಲು ಎತ್ತಲಿಲ್ಲ. ಅಪ್ಪಯ್ಯಣ್ಣನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

"ಮೊಳೆ ಹತ್ತಿದ್ದು ಗೊತ್ತಿದ್ದೇ ಎತ್ತು ಕಟ್ಟಿದ್ಯಾ?"

"ಕಟ್ಟಿದೆ."

"ಥೂ ನಿನ್ ಜನ್ಮಕ್ಕೆ," ಎಂದು ಉಗಿದ ಅಪ್ಪಯ್ಯಣ್ಣ. "ಗೊತ್ತಿದ್ದೇ ಕಟ್ಟಿದೋನು, ಇನ್ನಾರು ಕಿಲೋಮೀಟ್ರು ಓಡಿಸಕ್ಕೆ ಏನ್ ಬಂದಿತ್ತೋ ರೋಗ? ಗಾಡಿ ನಂದು. ಹೊತ್ತು ಮುಳುಗೋದ್ರೊಳಗೆ ನಮ್ಮನೆ ಮುಂದೆ ಇರ್ಬೇಕು. ಟೆಂಪೋ ಬಂದಿದ್ದು ಗೆದ್ದ ಎತ್ತಿಗೆ, ಕುಂಟೋ ಎತ್ತಿಗಲ್ಲ." ಜೀಪು ತಿರುಗಿತು, ಟೆಂಪೋ ತಿರುಗಿತು. ಒಂದೊಂದಾಗಿ ಬೈಕುಗಳೂ ಹೊರಟವು. ಕೆಲವರು ಹೇಗೂ ಬಂದಾಗಿದೆ ಎಂದು ಜಡಿಗೇನಹಳ್ಳಿಯವರ ಗೆಲುವು ನೋಡಲು ತೂಬಗೆರೆಯ ಕಡೆಗೇ ಹೋದರು.

ಬೈರಣ್ಣ ಬೋರನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೆಂಪರಾಜ್ ಕಾಲು ಎತ್ತಿ ಹಿಡಿದ, ಗೋವಿಂದರಾಜು ಮೂಗುದಾರ ಹಿಡಿದುಕೊಂಡ. ಇಕ್ಕಳ ಕಚ್ಚಿದ ಕೂಡಲೇ ಬೋರ ಒದರಿತು. ಮೊಳೆ ಬಂತು, ಅದರ ಹಿಂದೆಯೇ ಕಪ್ಪು ರಕ್ತ. ಬೈರಣ್ಣ ಲಾಳವನ್ನೂ ಬಿಚ್ಚಿ, ಗಾಯ ಹಿಂಡಿ, ಬೇವಿನೆಣ್ಣೆ ಸುರಿದ. ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಸುತ್ತಲು ಬಟ್ಟೆ ಬೇಕು ಎಂದಾಗ ಕೆಂಪರಾಜ್ ಓಟಕ್ಕೆಂದು ಕಟ್ಟಿದ್ದ ಹೊಸ ರುಮಾಲು ಬಿಚ್ಚಿಕೊಟ್ಟ.

"ಉಳೀತದಾ ಕಾಲು?"

"ಇನ್ನೂ ಆರು ಕಿಲೋಮೀಟ್ರು ಓಡಿದ್ರೆ ಉಳೀತಿರ್ಲಿಲ್ಲ. ಈಗ ಹೇಳಕ್ಕಾಗಲ್ಲ. ಡಾಕ್ಟ್ರನ್ನ ಕರ್ಸು, ಸೂಜಿ ಹಾಕಿಸು. ಉಳುದ್ರೂ ಈ ಎತ್ತು ಇನ್ನು ಓಟಕ್ಕಾಗಲ್ಲ."

ಕೆಂಪರಾಜ್ ತಲೆ ಬಗ್ಗಿಸಿದ. "ಬೈರಣ್ಣ, ಅವತ್ತು ನಾನು ಆಡಿದ್ದು..."

"ನಾನು ಬಂದಿದ್ದು ಬೋರನಿಗೆ," ಎಂದು ಬೈರಣ್ಣ ಮಾತು ಮುರಿದ. "ನಿಂಗಲ್ಲ. ಮಗನ್ ವಯಸ್ಸಿನೋನು, ಸುತ್ತಿಗೆ ಕಿತ್ಕೊಂಡೆ. ಈಗ್ಲೂ ನಿನ್ನ ನೋಡುದ್ರೆ ಕಪಾಳಕ್ಕೆ ಬಿಡೋಣ ಅನ್ಸುತ್ತೆ."

"ಬಿಡು."

ಬೈರಣ್ಣ ಬಿಡಲಿಲ್ಲ. ಗಂಟು ಬಿಗಿದು, ಮಣ್ಣು ಕೊಡವಿಕೊಂಡು ಎದ್ದ. "ಇವನನ್ನ ಮಣ್ಣಿನ ಅಂಚಿನ ಮೇಲೆ ಮೆಲ್ಲಗೆ ನಡೆಸ್ಬೇಕು. ನಿಂಗೆ ಕೊಡಲ್ಲ, ನಾನೇ ಹಿಡ್ಕೊಂಡು ಬತ್ತೀನಿ. ಮೊಪೆಡ್ ನಿಮ್ ಬಾಮೈದ ತಳ್ಕೊಂಡು ಬರ್ಲಿ."

ಊರು ಮೂರು ಕಿಲೋಮೀಟರು ಹಿಂದಿತ್ತು. ಗಾಡಿಯ ಮುಂದೆ ಸರದಾರ ಒಂದೇ. ಯಾರಿಗಾದರೂ ಫೋನ್ ಮಾಡಿ ಇನ್ನೊಂದು ಎತ್ತು ತರಿಸೋಣ ಎಂದ ಗೋವಿಂದರಾಜು. ಇವತ್ತು ನಮಗೆ ಯಾರು ಕೊಡ್ತಾರೋ ಎತ್ತು, ಎಂದು ಕೆಂಪರಾಜ್ ರೇಗಿದ. ಸರದಾರನನ್ನು ಬಲಗಡೆಗೆ ಕಟ್ಟಿದ. ನೊಗದ ಎಡಗಡೆ ತಾನೇ ಬಗ್ಗಿ ಹೆಗಲು ಕೊಟ್ಟ.

"ಬಾವ! ನೋಡ್ದೋರು ಏನಂತಾರೆ? ಬಿಡು, ನಾನೂ ಒಂದ್ ಸ್ವಲ್ಪ ದೂರ..."

"ಮೊಪೆಡ್ ತಳ್ಳು ಅಂದ್ರಲ್ಲ, ತಳ್ಳು."

ಹಗುರದ ಗಾಡಿಯೇ. ಆದರೂ ಮೊದಲ ಏರಿನಲ್ಲೇ ಹೆಗಲ ಚರ್ಮ ಸುಲಿಯಿತು. ಬೋರನ ಬೆವರು ಕುಡಿದ ನೊಗ ಇನ್ನೂ ಒದ್ದೆಯಾಗಿತ್ತು. ಓಟ ಮುಗಿಸಿ ವಾಪಸು ಹೊರಟ ಗಾಡಿಗಳು ಹಿಂದಿನಿಂದ ಬಂದು, ಒಬ್ಬೊಬ್ಬರೂ ಹಗ್ಗ ಎಳೆದು ನಿಧಾನ ಮಾಡಿ, ನೋಡಿಕೊಂಡು ಹೋದರು. ಒಂದು ಕಾರು ನಿಂತಿತು, ಕಿಟಕಿಯಿಂದ ಒಂದು ಮೊಬೈಲು ಹೊರಬಂತು. ಕೆಂಪರಾಜನ ಬಾಯಿಗೆ ಬೈಗುಳ ಬಂದಿತ್ತು. ನುಂಗಿಕೊಂಡು ತಲೆ ತಗ್ಗಿಸಿ ಎಳೆದ. ಸರದಾರ ಎರಡು ಸಲ ಕತ್ತು ತಿರುಗಿಸಿ ಪಕ್ಕದಲ್ಲಿ ಯಾರು ಎಂದು ಮೂಸಿ ನೋಡಿತು.

ಕೆರೆಯ ಕೋಡಿಯ ಹತ್ತಿರ ಸೇತುವೆ. ಅಲ್ಲಿ ಮಣ್ಣಿನ ಅಂಚಿಲ್ಲ, ಬೋರನೂ ಡಾಂಬರಿನ ಮೇಲೆಯೇ ಬರಬೇಕು. ಕೆಂಪರಾಜ್ ಸೇತುವೆ ದಾಟಿ, ಸರದಾರನನ್ನು ನಿಲ್ಲಿಸಿ, ನೊಗದ ಕೆಳಗೆ ಬಗ್ಗಿಕೊಂಡೇ ಕಾದ. ತಿರುಗಿ ನೋಡಲು ನೊಗ ಬಿಡುತ್ತಿರಲಿಲ್ಲ. "ಹೂಂ, ನಿಧಾನ ಕಣಪ್ಪ, ನಿಧಾನ," ಎಂದು ಬೈರಣ್ಣ ಹೇಳುವುದು ಕೇಳಿಸಿತು. ಆಮೇಲೆ ಟಕ್, ಟಕ್, ಟಕ್. ನಾಲ್ಕನೆಯದಕ್ಕೆ ಸದ್ದಿಲ್ಲ. ಮತ್ತೆ ಟಕ್, ಟಕ್, ಟಕ್. ಸದ್ದು ಹತ್ತಿರ ಬರುವವರೆಗೂ ನಿಂತಿದ್ದು, ಅದೇ ಲೆಕ್ಕಕ್ಕೆ ಹೆಜ್ಜೆ ಕೂಡಿಸಿಕೊಂಡು ಅವನು ಮತ್ತೆ ಎಳೆಯತೊಡಗಿದ.